ಹುಡುಗ ಜಾರೋ ಸೀನ್ ನೋಡೋದು ಹೇಗೆ: ಭಾಷಣದಿಂದ ಅರ್ಧ ಗಂಟೆ ಹಿಂದಕ್ಕೆ ಹೋಗಿ

ಮೊದಲು ನಾನು ಮಾಡಿದ ತಪ್ಪು ಹೇಳ್ಬಿಡ್ತೀನಿ, ಯಾಕಂದ್ರೆ ಇದನ್ನೆಲ್ಲ ಬರೀಬೇಕು ಅನ್ಸಿದ್ದೇ ಅದರಿಂದ. ಕಾಲೇಜು ಹುಡುಗ ಹುಡುಗೀರ ಜೊತೆ ಶನಿವಾರ ಮಧ್ಯಾಹ್ನ ಸಿನಿಮಾ ಹಾಕ್ಕೊಂಡು ಮಾತಾಡೋ ಸಣ್ಣ ಗುಂಪು ನಮ್ಮದು, ಒಂದು ಪ್ರೊಜೆಕ್ಟರು, ಒಂದು ಸುಣ್ಣದ ಗೋಡೆ, 30 ಪ್ಲಾಸ್ಟಿಕ್ ಕುರ್ಚಿ ಅಷ್ಟೇ. ಒಂದ್ಸಲ, ಸಾಮಾನ್ಯ ಹುಡುಗರು ಉಗ್ರವಾದದ ಕಡೆ ಹೇಗೆ ಹೋಗ್ತಾರೆ ಅಂತ ಮಾತಾಡೋಣ ಅಂದ್ಕೊಂಡು 1998ರ 'ಅಮೆರಿಕನ್ ಹಿಸ್ಟರಿ ಎಕ್ಸ್' ಸಿನಿಮಾದ ಒಂದು ತುಣುಕು ಹಾಕಿದೆ. ಡೆರೆಕ್ ಅನ್ನೋ ತಲೆ ಬೋಳಿಸ್ಕೊಂಡ ನವನಾಜಿ ಹುಡುಗ ರಾತ್ರಿ ತನ್ನ ಪಟಾಲಂ ಸೇರಿಸ್ಕೊಂಡು ಭಾಷಣ ಬಿಗಿದು, ಆಮೇಲೆ ಎಲ್ಲರೂ ಹೋಗಿ ಒಂದು ಕಿರಾಣಿ ಅಂಗಡಿ ಧ್ವಂಸ ಮಾಡ್ತಾರಲ್ಲ, ಆ ತುಣುಕು. ಟೈಮ್ ಕಮ್ಮಿ ಇತ್ತು, ಮುಖ್ಯ ಸೀನ್ ಇದೇ ತಾನೆ ಅಂತ ಅಷ್ಟೇ ತೋರಿಸಿದೆ. ಲೈಟ್ ಹಾಕಿದಾಗ ಹಿಂದಿನ ಸಾಲಿನ ಇಬ್ಬರು ಹುಡುಗರು ಎದೆ ಉಬ್ಬಿಸ್ಕೊಂಡು ಅವನ ಥರ ನಿಂತು ತೋರಿಸ್ತಾ ಇದ್ರು, "ಸರ್, ಏನ್ ಬಾಡಿ ಸರ್ ಅವನದು, ಏನ್ ಖದರ್" ಅಂದ್ರು. ಅವರು ಒಳ್ಳೆ ಹುಡುಗರೇ. ತಪ್ಪು ನನ್ನದು, ಆ ಸೀನನ್ನ ಅದರ ಬೇರಿಂದ ಕಿತ್ತು ತಂದು ಗೋಡೆ ಮೇಲೆ ಹಾಕಿದ್ದೆ, ಅದು ಒಂದು ಹೀರೋ ಎಂಟ್ರಿ ಥರ ಕಂಡಿತ್ತು. ಆ ರಾತ್ರಿ ನಿದ್ದೆ ಬರ್ಲಿಲ್ಲ.

ಆಮೇಲೆ ಇಂಥ ಸಿನಿಮಾಗಳನ್ನ ಮತ್ತೆ ಮತ್ತೆ ನೋಡಿ, ಹುಡುಗರ ಜೊತೆ ನೋಡಿ, ಒಂದು ಕ್ರಮ ಕಂಡ್ಕೊಂಡಿದೀನಿ. ನೀವು ಮೇಷ್ಟ್ರಾಗಿರಬಹುದು, ಮನೇಲಿ ಹದಿನೈದು ವರ್ಷದ ಮಗ ಇರೋ ಅಪ್ಪ ಅಮ್ಮ ಆಗಿರಬಹುದು, ಶಾರ್ಟ್ ಫಿಲಂ ಬರೀತಾ ಇರಬಹುದು, ಯಾರಾದ್ರೂ ಸರಿ, ಇದನ್ನ ಮಾಡಿ ನೋಡಿ. ಇಡೀ ಕ್ರಮವನ್ನ ಒಂದೇ ಮಾತಲ್ಲಿ ಹೇಳೋದಾದ್ರೆ, ಭಾಷಣದ ಸೀನ್ ಬಂದಾಗ ನಿಲ್ಸಿ, ಅರ್ಧ ಗಂಟೆ ಹಿಂದಕ್ಕೆ ಹೋಗಿ, ಆ ಹುಡುಗನನ್ನ ಮೊದಲು ಕರೆದು ಪಕ್ಕದಲ್ಲಿ ಕೂರಿಸ್ಕೊಂಡವರು ಯಾರು ಅಂತ ಹುಡುಕಿ. ಸಿದ್ಧಾಂತ ಅನ್ನೋದು ಯಾವಾಗ್ಲೂ ತಡವಾಗಿ ಬರತ್ತೆ. ಮೊದಲು ಬರೋದು ಕೂರೋಕೆ ಜಾಗ.

ಯಾವ ಸಿನಿಮಾದಿಂದ ಶುರು ಮಾಡ್ಬೇಕು

ನನ್ನ ಆಯ್ಕೆ 'ದಿಸ್ ಈಸ್ ಇಂಗ್ಲೆಂಡ್', 2006ರ ಬ್ರಿಟಿಷ್ ಸಿನಿಮಾ, ನಿರ್ದೇಶಕ ಶೇನ್ ಮೆಡೋಸ್. ತನ್ನದೇ ಬಾಲ್ಯದಿಂದ ತುಂಬ ತಗೊಂಡು ಮಾಡಿದ ಸಿನಿಮಾ ಇದು, ಹುಡುಗನ ಹೆಸರು ಶಾನ್ ಫೀಲ್ಡ್ಸ್ ಅಂತ ಇಟ್ಟಿರೋದ್ರಲ್ಲೇ ಅದು ಗೊತ್ತಾಗತ್ತೆ, ಶೇನ್‌ಗೆ ಶಾನ್, ಇಂಗ್ಲಿಷಲ್ಲಿ ಮೆಡೋ ಅಂದ್ರೂ ಫೀಲ್ಡ್ ಅಂದ್ರೂ ಬಯಲೇ. ಕಾಲ 1983, ಬೇಸಿಗೆ ರಜೆ. ಶಾನ್‌ಗೆ 12 ವರ್ಷ. ಅಪ್ಪ ಹಿಂದಿನ ವರ್ಷ ಫಾಕ್‌ಲ್ಯಾಂಡ್ಸ್ ಯುದ್ಧದಲ್ಲಿ ಸತ್ತಿದಾನೆ. ಈ ಯುದ್ಧ ನಮ್ಮಲ್ಲಿ ಅಷ್ಟಾಗಿ ಯಾರಿಗೂ ನೆನಪಿಲ್ಲ, ಹಾಗಾಗಿ ಸಿನಿಮಾ ಹಾಕೋ ಮುಂಚೆ ಎರಡು ನಿಮಿಷ ಹೇಳ್ಬಿಡಿ: 1982ರ ಏಪ್ರಿಲ್‌ನಿಂದ ಜೂನ್‌ವರೆಗೆ, ದಕ್ಷಿಣ ಅಟ್ಲಾಂಟಿಕ್‌ನ ಒಂದು ದ್ವೀಪಸಮೂಹಕ್ಕಾಗಿ ಬ್ರಿಟನ್ ಮತ್ತೆ ಅರ್ಜೆಂಟೀನಾ ಹೊಡೆದಾಡಿದ್ವು, ಬ್ರಿಟನ್ ಕಡೆ 255 ಸೈನಿಕರು ಸತ್ರು, ಅರ್ಜೆಂಟೀನಾ ಕಡೆ ಅದರ ಎರಡು ಪಟ್ಟಿಗಿಂತ ಜಾಸ್ತಿ. ಆಗ ಪ್ರಧಾನಿ ಮಾರ್ಗರೆಟ್ ಥ್ಯಾಚರ್, ದೇಶದಲ್ಲಿ 30 ಲಕ್ಷಕ್ಕೂ ಹೆಚ್ಚು ಜನಕ್ಕೆ ಕೆಲಸ ಇಲ್ಲ. ಇಷ್ಟು ಗೊತ್ತಿದ್ರೆ ಸಾಕು.

ಇನ್ನೊಂದು ವಿಷಯ ಮಾತ್ರ ಹೇಳ್ಲೇಬೇಕು. ಶಾನ್ ಹೋಗಿ ಸೇರೋದು ಸ್ಕಿನ್‌ಹೆಡ್ ಅನ್ನೋ ತಲೆ ಬೋಳಿಸ್ಕೊಂಡ ಹುಡುಗರ ಗುಂಪಿಗೆ, ಆದ್ರೆ ಸ್ಕಿನ್‌ಹೆಡ್ ಅಂದ್ರೆ ಹುಟ್ಟಿನಿಂದಲೇ ಜನಾಂಗದ್ವೇಷಿ ಅಂತ ಅಲ್ಲ. 1960ರ ದಶಕದ ಕೊನೇಲಿ ಲಂಡನ್ನಿನ ಬಿಳಿ ಕೂಲಿಕಾರರ ಮಕ್ಕಳು, ಜಮೈಕಾದಿಂದ ಬಂದ ಕುಟುಂಬಗಳ ಮಕ್ಕಳು ಒಂದೇ ಹಾಡಿಗೆ ಕುಣೀತಾ ಇದ್ದಾಗ ಹುಟ್ಟಿದ ವೇಷ ಅದು. ನ್ಯಾಷನಲ್ ಫ್ರಂಟ್ ಅನ್ನೋ ವಲಸೆವಿರೋಧಿ ಪಕ್ಷ, 1967ರಲ್ಲಿ ಶುರುವಾಗಿದ್ದು, ಆಮೇಲೆ ಬಂದು ಆ ಹುಡುಗರ ಮಧ್ಯೆ ತನ್ನ ಅಂಗಡಿ ಹಾಕ್ಕೊಳ್ತು. ಸಿನಿಮಾ ಶುರುವಾಗೋದೇ ಒಂದು ಜಮೈಕಾದ ಹಾಡಿಂದ, ಮೆಡೋಸ್ ಅದನ್ನ ಬೇಕು ಅಂತಲೇ ಇಟ್ಟಿರೋದು. ಅಂದ್ರೆ ಆ ಗುಂಪಲ್ಲಿ ಎಲ್ಲರಿಗೂ ಜಾಗ ಇತ್ತು, ಯಾರೋ ಬಂದು ಗೆರೆ ಎಳೆದ್ರು. ಇದನ್ನ ಮನಸ್ಸಲ್ಲಿ ಇಟ್ಕೊಳ್ಳಿ.

ಮೊದಲ ಸಲ ನೋಡುವಾಗ: ಯಾರು ಕೂರಿಸ್ಕೊಂಡ್ರು

ರಜೆಗೆ ಮುಂಚಿನ ಕೊನೆ ದಿನ. ಶಾನ್ ಹಾಕಿರೋ ಪ್ಯಾಂಟಿನ ತಳ ಅಗಲ, ಫ್ಯಾಷನ್ ಹೋಗಿ ವರ್ಷ ಆಗಿದೆ, ಸ್ಕೂಲಲ್ಲಿ ಎಲ್ಲರೂ ರೇಗಿಸ್ತಾರೆ. ಒಬ್ಬ ಅಪ್ಪನ ಬಗ್ಗೆ ಜೋಕ್ ಹೊಡೀತಾನೆ, ಜಗಳ ಆಗತ್ತೆ, ಹೆಡ್ ಮಾಸ್ಟರ್ ಬೆತ್ತದಲ್ಲಿ ಬಾರಿಸ್ತಾರೆ. ಮನೆಗೆ ಹೋಗೋ ದಾರೀಲಿ ಒಂದು ಸಬ್‌ವೇ, ಅಲ್ಲಿ ದೊಡ್ಡ ಹುಡುಗರು ಕೂತಿದಾರೆ. ಅವರಲ್ಲಿ ವುಡಿ ಅನ್ನೋನು ಈ ಪುಟ್ಟ ಹುಡುಗನ ಸಪ್ಪೆ ಮುಖ ನೋಡಿ ಕರೀತಾನೆ, ಏನಾಯ್ತು ಅಂತ ಕೇಳ್ತಾನೆ, ಕೂರಿಸ್ಕೊಳ್ತಾನೆ, ನಗಿಸ್ತಾನೆ.

ಇಲ್ಲಿ ಪಾಸ್ ಮಾಡಿ. ನಿಮ್ಮ ಜೊತೆ ನೋಡ್ತಾ ಇರೋರಿಗೆ ಕೇಳಿ, ಆ ದಿನ ಬೆಳಗ್ಗೆಯಿಂದ ಈ ಹುಡುಗನಿಗೆ "ಏನಾಯ್ತೋ" ಅಂತ ಕೇಳಿದವರು ಎಷ್ಟು ಜನ. ಬೆರಳಲ್ಲಿ ಎಣಿಸೋಕೆ ಹೇಳಿ. ಇವನೊಬ್ಬನೇ.

ಈಗ ಮುಖ್ಯವಾದ ಮಾತು. ವುಡಿ ಕೆಟ್ಟವನಲ್ಲ. ಅವನ ಗುಂಪಲ್ಲಿ ಮಿಲ್ಕಿ ಅನ್ನೋ ಜಮೈಕನ್ ಮೂಲದ ಹುಡುಗ ಇದಾನೆ, ಹುಡುಗೀರಿದಾರೆ, ದಪ್ಪಗಿರೋ ಪೆದ್ದು ಹುಡುಗ ಇದಾನೆ, ಎಲ್ಲರೂ ಸೇರಿ ಹಾಳು ಮನೆಗಳಲ್ಲಿ ವೇಷ ಹಾಕ್ಕೊಂಡು ಗಲಾಟೆ ಮಾಡ್ತಾರೆ. ಶಾನ್ ತಲೆ ಬೋಳಿಸ್ತಾರೆ, ಗುಂಪಿನ ಶರ್ಟ್ ಕೊಡ್ತಾರೆ. ಅವನ ಅಮ್ಮ ತಲೆ ನೋಡಿ ಸಿಟ್ಟಾಗಿ ಆ ಹುಡುಗರು ಕೂತಿದ್ದ ಕೆಫೆಗೇ ನುಗ್ಗಿ ಬೈದು, ಕೊನೆಗೆ ಅವರಿಗೇ ಹುಡುಗನ್ನ ನೋಡ್ಕೊಳ್ಳಿ ಅಂತ ಬಿಟ್ಟು ಹೋಗ್ತಾಳೆ. ನಮ್ಮ ಗುಂಪಲ್ಲಿ ಪ್ರತಿ ಸಲ ಯಾರಾದ್ರೂ ಈ ಅಮ್ಮನ್ನ ಬೈತಾರೆ. ನಾನು ಒಪ್ಪಲ್ಲ. ಗಂಡ ಸತ್ತ ಮೇಲೆ ಮಗ ಮೊದಲ ಸಲ ನಗ್ತಾ ಮನೆಗೆ ಬಂದಿದಾನೆ, ಯಾವ ತಾಯಿ ಅದನ್ನ ಕಿತ್ಕೊಳ್ತಾಳೆ? ಈ ಹಂತದಲ್ಲಿ ಎಲ್ಲ ಚೆನ್ನಾಗೇ ಇದೆ. ಆ ಚೆನ್ನಾಗಿರೋದನ್ನ ಪ್ರೇಕ್ಷಕ ಪೂರ್ತಿ ಅನುಭವಿಸ್ಬೇಕು, ಅದಕ್ಕೇ ಈ ಅರ್ಧ ಗಂಟೆ ಓಡಿಸ್ಬೇಡಿ, ಫಾರ್ವರ್ಡ್ ಮಾಡ್ಬೇಡಿ. ಯಾಕಂದ್ರೆ ಮುಂದೆ ಬರೋನು ಹೊಸದಾಗಿ ಏನೂ ಕೊಡಲ್ಲ, ಈ ಪ್ರೀತಿನೇ ಕದ್ದು ಬೇರೆ ಚೀಟಿ ಅಂಟಿಸಿ ಕೊಡ್ತಾನೆ.

ಎರಡನೇ ಸಲ: ಗಾಯ ಎಲ್ಲಿದೆ, ಅದನ್ನ ಮುಟ್ಟಿದವನು ಯಾರು

ಮುಂದೆ ಬರೋನು ಕೋಂಬೋ. ಜೈಲಿಂದ ಬಿಡುಗಡೆಯಾಗಿ ಬಂದಿದಾನೆ, ವಯಸ್ಸಲ್ಲಿ ಎಲ್ಲರಿಗಿಂತ ದೊಡ್ಡವನು, ಸ್ಟೀಫನ್ ಗ್ರಹಾಂ ಮಾಡಿದ ಪಾತ್ರ. ಬಂದ ರಾತ್ರಿನೇ ಜೈಲಿನ ಕಥೆ ಹೇಳ್ತಾ ಕಪ್ಪು ಜನರ ಬಗ್ಗೆ ಹೊಲಸು ಮಾತಾಡ್ತಾನೆ, ಮಿಲ್ಕಿ ಅಲ್ಲೇ ಕೂತಿದಾನೆ. ಈ ಸೀನಲ್ಲಿ ಕೋಂಬೋನ ನೋಡ್ಬೇಡಿ, ವುಡಿನ ನೋಡಿ. ಅವನಿಗೆ ಮುಜುಗರ ಆಗ್ತಾ ಇದೆ, ಆದ್ರೆ ಬಾಯಿ ಬಿಡಲ್ಲ. ಇಂಥ ಯಾವ ಸಿನಿಮಾ ನೋಡಿದ್ರೂ ಮಾತಾಡೋನ ಮುಖದಿಂದ ಕಣ್ಣು ಕಿತ್ತು, ಕೋಣೇಲಿ ಸುಮ್ಮನೆ ಕೂತವರ ಮುಖ ನೋಡೋ ಅಭ್ಯಾಸ ಮಾಡ್ಕೊಳ್ಳಿ, ಅರ್ಧ ಕಥೆ ಅಲ್ಲಿರತ್ತೆ.

ಆಮೇಲೆ ಬರತ್ತೆ ಭಾಷಣ. ಕೋಂಬೋನ ಫ್ಲ್ಯಾಟಿನ ಸಣ್ಣ ಕೋಣೆ. ದೇಶ, ವಲಸೆ, ನಿರುದ್ಯೋಗ ಅಂತ ಹೇಳ್ತಾ ಹೇಳ್ತಾ ಫಾಕ್‌ಲ್ಯಾಂಡ್ಸ್ ಯುದ್ಧ ಒಂದು ಸುಳ್ಳು ಯುದ್ಧ ಅಂತಾನೆ. ಶಾನ್ ಸಿಡೀತಾನೆ, ಅದರ ಬಗ್ಗೆ ಮಾತಾಡ್ಬೇಡ ಅಂತ ಕಿರುಚ್ತಾನೆ, ನಮ್ಮಪ್ಪ ಅಲ್ಲೇ ಸತ್ತಿದ್ದು ಅಂತಾನೆ. ಕೋಂಬೋ ಒಂದು ಕ್ಷಣ ತಡೀತಾನೆ. ನನ್ನ ಪ್ರಕಾರ ಇಡೀ ಸಿನಿಮಾದ ಅತ್ಯಂತ ಭಯ ಹುಟ್ಟಿಸೋ ಕ್ಷಣ ಅದು, ಹೊಡೆತ ಬಡಿತ ಯಾವುದೂ ಅಲ್ಲ. ಯಾಕಂದ್ರೆ ಅವನಿಗೆ ಅಲ್ಲಿಯವರೆಗೆ ಗೊತ್ತಿರ್ಲಿಲ್ಲ, ಈಗ ಗೊತ್ತಾಯ್ತು, ಈ ಹುಡುಗನ ಗಾಯ ಇಲ್ಲಿದೆ ಅಂತ. ತಕ್ಷಣ ಮಾತು ತಿರುಗಿಸ್ತಾನೆ, ನೀನು ಈಗ ಎದ್ದು ನಿಲ್ಲದೇ ಇದ್ರೆ ನಿಮ್ಮಪ್ಪ ಸತ್ತಿದ್ದು ವ್ಯರ್ಥ ಅನ್ನೋ ಅರ್ಥದಲ್ಲಿ ಮಾತಾಡ್ತಾನೆ. ಒಂದು ವರ್ಷದಿಂದ ಆ ಸಾವಿಗೆ ಅರ್ಥ ಹುಡುಕ್ತಾ ಇದ್ದ ಮಗು ಅದು. ಅಮ್ಮನಿಗೆ ಅರ್ಥ ಹೇಳೋಕೆ ಆಗಿಲ್ಲ, ಸ್ಕೂಲು ಜೋಕ್ ಮಾಡಿದೆ, ಸರ್ಕಾರ ಮೆರವಣಿಗೆ ಮಾಡಿದೆ. ಕೋಂಬೋ ಒಬ್ಬನೇ ಅರ್ಥ ಕೊಟ್ಟ.

ಈ ಸೀನನ್ನ ಎರಡು ಸಲ ಹಾಕಿ. ಒಂದ್ಸಲ ಸೌಂಡ್ ಇಟ್ಟು, ಇನ್ನೊಂದ್ಸಲ ಪೂರ್ತಿ ಮ್ಯೂಟ್ ಮಾಡಿ. ಮ್ಯೂಟ್ ಮಾಡಿದಾಗ ದೇಶವೂ ಇಲ್ಲ, ವಲಸೆಯೂ ಇಲ್ಲ, ಬರೀ ಒಬ್ಬ ದೊಡ್ಡವನು ಒಂದು ಮಗುವಿನ ಕಣ್ಣಲ್ಲಿ ಕಣ್ಣಿಟ್ಟು ಮಾತಾಡ್ತಾ ಇರೋದು ಕಾಣತ್ತೆ. ಒಬ್ಬ ಹುಡುಗ ನಮ್ಮಲ್ಲಿ ಇದನ್ನ ನೋಡಿ, "ಸರ್, ಸೌಂಡ್ ಇಲ್ಲದಿದ್ರೆ ಇದು ಅಪ್ಪ ಮಗನ ಸೀನ್ ಥರ ಇದೆ" ಅಂದ. ನಾನು ಹತ್ತು ನಿಮಿಷ ವಿವರಿಸ್ಬೇಕು ಅಂತ ಬರ್ಕೊಂಡು ಬಂದಿದ್ದನ್ನ ಅವನು ಒಂದು ವಾಕ್ಯದಲ್ಲಿ ಹೇಳ್ಬಿಟ್ಟ.

ಆಮೇಲೆ ಕೋಂಬೋ ಗೆರೆ ಎಳೀತಾನೆ, ಇರೋರು ಇರಿ, ಹೋಗೋರು ಹೋಗಿ. ವುಡಿ, ಮಿಲ್ಕಿ ಹೋಗ್ತಾರೆ. ವುಡಿ ಶಾನ್‌ನ ಕರೀತಾನೆ, ಅವನು ಬರಲ್ಲ. ಇಲ್ಲಿ ಎಲ್ಲರಿಗೂ ಒಂದು ಕೆಲಸ ಕೊಡಿ: ಉಳ್ಕೊಂಡ ಒಬ್ಬೊಬ್ಬರೂ ಯಾಕೆ ಉಳ್ಕೊಂಡ್ರು ಅಂತ ಒಂದೊಂದು ಸಾಲು ಬರೀಬೇಕು, ಆದ್ರೆ "ದ್ವೇಷ" ಅನ್ನೋ ಪದ ಬಳಸೋ ಹಾಗಿಲ್ಲ, "ಬ್ರೈನ್‌ವಾಶ್" ಅನ್ನೋದಂತೂ ಬೇಡವೇ ಬೇಡ. ಬ್ರೈನ್‌ವಾಶ್ ಅಂದ ತಕ್ಷಣ ನಮ್ಮ ಯೋಚನೆ ಅಲ್ಲಿಗೇ ನಿಂತುಬಿಡತ್ತೆ, ಹುಡುಗನ ತಲೆ ಏನೋ ಖಾಲಿ ಪಾತ್ರೆ, ಯಾರೋ ಬಂದು ತುಂಬಿದ್ರು ಅನ್ನೋ ಹಾಗೆ. ಆ ಎರಡು ಪದ ಕಿತ್ಕೊಂಡ್ರೆ ಎಂಥೆಂಥ ಉತ್ತರ ಬರತ್ತೆ ಗೊತ್ತಾ. "ಅವನಿಗೆ ಅಲ್ಲಿ ಮರ್ಯಾದೆ ಸಿಗ್ತಾ ಇತ್ತು." "ಒಬ್ಬನೇ ಎದ್ದು ಹೋಗೋಕೆ ನಾಚಿಕೆ ಆಯ್ತು." ಒಬ್ಬಳು ಬರೆದಿದ್ಲು, "ಹೊರಗೆ ಹೋದ್ರೆ ಮನೆಗೆ ಹೋಗ್ಬೇಕು, ಮನೇಲಿ ಅಪ್ಪನ ಫೋಟೋ ಇದೆ."

ಆಮೇಲಿನ ಎರಡು ಸಣ್ಣ ಸೀನ್ ಬಿಡ್ಬೇಡಿ. ಒಂದು, ಹಳ್ಳಿ ಕಡೆ ಪಬ್‌ನಲ್ಲಿ ನಡೆಯೋ ನ್ಯಾಷನಲ್ ಫ್ರಂಟ್ ಮೀಟಿಂಗ್, ಅಲ್ಲಿ ಸೂಟು ಹಾಕಿದ ಲೀಡರ್ ಸಭ್ಯವಾಗಿ ಮಾತಾಡ್ತಾನೆ, ನಾವೇನು ದ್ವೇಷಿಗಳಲ್ಲ ಅನ್ನೋ ಧಾಟೀಲಿ. ವಾಪಸ್ ಬರ್ತಾ ಕಾರಲ್ಲಿ ಪುಕಿ ಅನ್ನೋ ಹುಡುಗ, ನೀನು ಇದನ್ನೆಲ್ಲ ನಿಜ ಅಂತ ನಂಬ್ತೀಯಾ ಅಂತ ಒಂದು ಪ್ರಶ್ನೆ ಕೇಳ್ತಾನೆ ಅಷ್ಟೇ, ಕೋಂಬೋ ಕಾರ್ ನಿಲ್ಸಿ ಅವನನ್ನ ಎಳೆದು ರಸ್ತೇಲಿ ಬಿಟ್ಟು ಹೋಗ್ತಾನೆ. ಕಾರೊಳಗೆ ಉಳಿದ ಮುಖಗಳನ್ನ ನೋಡಿ. ಒಂದು ಪ್ರಶ್ನೆಯ ಬೆಲೆ ಎಷ್ಟು ಅಂತ ಅವರೆಲ್ಲರಿಗೂ ಆಗ ಗೊತ್ತಾಯ್ತು, ಯಾರೂ ಬಾಯಿ ಬಿಟ್ಟು ಹೇಳಿಕೊಡಬೇಕಾಗೇ ಇಲ್ಲ. ಎರಡನೇದು, ಸಂಧು ಅನ್ನೋರ ಅಂಗಡಿ. ಸಿನಿಮಾ ಶುರುವಲ್ಲಿ ಅದೇ ಅಂಗಡಿಯವರು ಶಾನ್‌ನ ಗದರಿ ಆಚೆ ಕಳಿಸಿರ್ತಾರೆ, ಯಾವ ಊರಲ್ಲೂ ಅಂಗಡಿಯವರು ಮಕ್ಕಳನ್ನ ಗದರೋ ಹಾಗೆ. ಈಗ ಅವನು ಕೋಂಬೋ ಜೊತೆ ಬಂದು ಅಲ್ಲೇ ದೋಚ್ತಾನೆ, ಹೊಸದಾಗಿ ಕಲಿತ ಬೈಗುಳ ಬಳಸ್ತಾನೆ. ಚಿಕ್ಕ ಸ್ವಂತ ಸಿಟ್ಟಿಗೆ ದೊಡ್ಡ ದೇಶದ ಭಾಷೆ ಸಿಕ್ಕಿದ್ದು ಹೇಗೆ ಅನ್ನೋದಕ್ಕೆ ಇದಕ್ಕಿಂತ ಸರಿಯಾದ ಜೋಡಿ ಸೀನ್ ನನಗೆ ಗೊತ್ತಿಲ್ಲ, ಎರಡನ್ನೂ ಒಂದರ ಪಕ್ಕ ಒಂದು ಹಾಕಿ ತೋರಿಸಿ.

ಮಿಲ್ಕಿ ಮೇಲೆ ಕೋಂಬೋ ಎರಗೋ ಸೀನ್ ತುಂಬಾ ಕ್ರೂರ, ಮುಂಚೇನೇ ಎಲ್ಲರಿಗೂ ಎಚ್ಚರಿಕೆ ಕೊಡಿ. ಆದ್ರೆ ಅದಕ್ಕೆ ಮುಂಚಿನ ಎರಡು ನಿಮಿಷ ಕೇಳಿಸ್ಕೊಳ್ಳಿ, ಮಿಲ್ಕಿ ತನ್ನ ದೊಡ್ಡ ಕುಟುಂಬದ ಬಗ್ಗೆ ಹೇಳ್ತಾ ಇರ್ತಾನೆ, ಎಲ್ಲರೂ ಸೇರೋದು, ಉಣ್ಣೋದು. ಅದನ್ನ ಕೇಳ್ತಾ ಕೇಳ್ತಾ ಕೋಂಬೋನ ಮುಖ ಬದಲಾಗತ್ತೆ. ತನಗೆ ಸಿಗದೇ ಇದ್ದಿದ್ದು ಇವನಿಗಿದೆ ಅನ್ನೋ ಹೊಟ್ಟೆಉರಿ. ಅಂದ್ರೆ ಸೆಳೆದವನು ಕೂಡ ಒಂದು ಕಾಲಕ್ಕೆ ಶಾನ್ ಥರದ ಹುಡುಗನೇ. ಸ್ಟೀಫನ್ ಗ್ರಹಾಂ ಅವರ ಅಜ್ಜ ಸ್ವತಃ ಜಮೈಕಾದವರು ಅನ್ನೋದು ಗೊತ್ತಾದ ಮೇಲೆ ಆ ನಟನೆಯನ್ನ ನನಗೆ ಮುಂಚಿನ ಥರ ನೋಡೋಕೆ ಆಗ್ತಿಲ್ಲ.

ಮನೆ ಒಳಗೆ ಬಿದ್ದ ಬೀಜ

ಈಗ 'ಅಮೆರಿಕನ್ ಹಿಸ್ಟರಿ ಎಕ್ಸ್'ಗೆ ವಾಪಸ್ ಬರೋಣ. ಅದರಲ್ಲಿ ಹಳೇ ಕಾಲ ಕಪ್ಪು ಬಿಳುಪು, ಈಗಿನ ಕಾಲ ಕಲರ್. ಡೆರೆಕ್ ಅಪ್ಪ ಅಗ್ನಿಶಾಮಕ ದಳದವನು, ಬೆಂಕಿ ಆರಿಸೋಕೆ ಹೋದ ಕಡೆ ಡ್ರಗ್ಸ್ ಮಾರೋರು ಅವನನ್ನ ಗುಂಡಿಟ್ಟು ಕೊಲ್ತಾರೆ. ಸಿನಿಮಾ ನೋಡ್ತಾ ನೋಡ್ತಾ ನಾವೆಲ್ಲ ಅಂದ್ಕೊಳ್ಳೋದು, ಅಪ್ಪನ ಸಾವಿಂದ ಹುಡುಗ ಹೀಗಾದ ಅಂತ. ಕೊನೆ ಹತ್ತಿರ ಬಂದಾಗ ಒಂದು ಹಳೇ ತಿಂಡಿ ಟೇಬಲ್ ಸೀನ್ ಬರತ್ತೆ. ಅಪ್ಪ ಇನ್ನೂ ಬದುಕಿದಾನೆ. ಡೆರೆಕ್ ತಲೆತುಂಬ ಕೂದಲಿರೋ ಬುದ್ಧಿವಂತ ಸ್ಟೂಡೆಂಟ್, ಇಂಗ್ಲಿಷ್ ಕಲಿಸೋ ಕಪ್ಪು ಮೇಷ್ಟ್ರು ಸ್ವೀನಿ ಬಗ್ಗೆ ಖುಷಿಯಿಂದ ಹೇಳ್ತಾನೆ. ಅಪ್ಪ ದನಿ ಏರಿಸದೆ, ತಿಂಡಿ ತಿಂತಾ, ಆ ಪಾಠದ ಬಗ್ಗೆ, ತನ್ನ ಕೆಲಸದ ಕಡೆ ಮೀಸಲಾತಿಯಿಂದ ಬಂದ ಇಬ್ಬರು ಕಪ್ಪು ಸಿಬ್ಬಂದಿ ಬಗ್ಗೆ ಹಗುರವಾಗಿ ಮಾತಾಡ್ತಾನೆ, ಮಗ ತಲೆ ಆಡಿಸ್ತಾನೆ.

ಈ ಸೀನನ್ನ ಯಾಕೆ ಕೊನೇಲಿ ಇಟ್ರು ಅನ್ನೋದೇ ಪ್ರಶ್ನೆ. ಕಾಲದ ಕ್ರಮದಲ್ಲಿ ಇದು ಎಲ್ಲಕ್ಕಿಂತ ಮೊದಲು ಆಗಿದ್ದು. ಒಂದು ಹಾಳೇಲಿ ಸಿನಿಮಾದ ಘಟನೆಗಳನ್ನ ಎರಡು ಪಟ್ಟಿ ಮಾಡಿ, ಒಂದು ಸಿನಿಮಾ ತೋರಿಸಿದ ಕ್ರಮದಲ್ಲಿ, ಇನ್ನೊಂದು ನಿಜವಾಗಿ ಆದ ಕ್ರಮದಲ್ಲಿ. ಎರಡರ ಮಧ್ಯೆ ಇರೋ ವ್ಯತ್ಯಾಸದಲ್ಲಿ ನಿರ್ದೇಶಕ ನಮಗೆ ಏನು ಹೇಳ್ತಾ ಇದಾನೆ ಅನ್ನೋದು ಸಿಗತ್ತೆ. ಈ ಪಟ್ಟಿ ಮಾಡ್ಸಿದ ದಿನ ನಮ್ಮ ಗುಂಪಲ್ಲಿ ಒಬ್ಬ, ನಮ್ಮನೇಲೂ ಊಟ ಮಾಡುವಾಗ ಹೀಗೇ ಮಾತಾಡ್ತಾರೆ ಸರ್ ಅಂತ ಮೆಲ್ಲಗೆ ಹೇಳಿದ. ಇಂಥ ಮಾತು ಬಂದಾಗ ತಕ್ಷಣ ಉಪದೇಶ ಶುರು ಮಾಡ್ಬೇಡಿ ದಯವಿಟ್ಟು. ಸುಮ್ಮನಿರಿ. ಅವನು ಅಷ್ಟು ಹೇಳಿದ್ದೇ ದೊಡ್ಡದು.

ಆದ್ರೆ ಈ ಸಿನಿಮಾದ ಬಗ್ಗೆ ನನಗೆ ಒಂದು ತಕರಾರಿದೆ. ಆ ಕಪ್ಪು ಬಿಳುಪು ಭಾಗಗಳನ್ನ ಅದೆಷ್ಟು ಚೆಂದ ತೆಗೆದಿದಾರೆ ಅಂದ್ರೆ, ಸ್ಲೋ ಮೋಷನ್, ಕೆಳಗಿಂದ ಆಂಗಲ್, ಕೋರಸ್ ಥರದ ಮ್ಯೂಸಿಕ್, ಡೆರೆಕ್ ಒಂದು ಶಿಲ್ಪದ ಥರ ಕಾಣ್ತಾನೆ. ಬುದ್ಧಿ ಬೇಡ ಅಂದ್ರೂ ಕಣ್ಣು ಮೆಚ್ಚತ್ತೆ. ನಮ್ಮ ಹುಡುಗರು ಎದೆ ಉಬ್ಬಿಸಿದ್ದು ಸುಮ್ಸುಮ್ನೆ ಅಲ್ಲ. ಹಾಗಾಗಿ ಕ್ಯಾಮೆರಾ ಎಲ್ಲಿದೆ ಅಂತ ಕೇಳೋದನ್ನ ಕ್ರಮದಲ್ಲಿ ಸೇರಿಸ್ಕೊಳ್ಳಿ: ಹುಡುಗನ ಕಾಲ ಹತ್ತಿರದಿಂದ ಮೇಲಕ್ಕೆ ನೋಡ್ತಿದ್ಯಾ, ಅವನ ಕಣ್ಣಿನ ಮಟ್ಟದಲ್ಲಿದ್ಯಾ, ಹೊಡೆಸ್ಕೊಳ್ಳೋನ ಮುಖ ಎಷ್ಟು ಸೆಕೆಂಡ್ ತೋರಿಸ್ತಾರೆ. ಗಡಿಯಾರ ಹಿಡ್ಕೊಂಡು ನಿಜವಾಗಿ ಎಣಿಸಿ. ನಮ್ಮ ಮಾಸ್ ಸಿನಿಮಾಗಳನ್ನೂ ಹೀಗೇ ಎಣಿಸಿ ನೋಡಿ, ತಂಗಿ ಸತ್ತಳು, ಹೀರೋ ಮಚ್ಚು ಎತ್ತಿದ, ಬಿಜಿಎಂ ಬಂತು, ಶಿಳ್ಳೆ ಬಿತ್ತು. ಅಲ್ಲಿ ಎತ್ತೋಕೂ ಎತ್ತದೇ ಇರೋಕೂ ಮಧ್ಯೆ ಅವನು ತಡವರಿಸೋ ಒಂದು ಕ್ಷಣವೂ ಇರಲ್ಲ.

ಇದಕ್ಕೆ ಪೂರ್ತಿ ಉಲ್ಟಾ ನೋಡ್ಬೇಕಂದ್ರೆ ಹಾನಿ ಅಬು ಅಸ್ಸಾದ್ ಅವರ 'ಪ್ಯಾರಡೈಸ್ ನೌ' (2005) ನೋಡಿ. ಪ್ಯಾಲೆಸ್ಟೀನಿನ ನಾಬ್ಲುಸ್ ಊರಿನ ಸಯೀದ್ ಮತ್ತೆ ಖಾಲೆದ್, ಗ್ಯಾರೇಜಲ್ಲಿ ಕೆಲಸ ಮಾಡೋ ಗೆಳೆಯರು, ಆತ್ಮಹತ್ಯಾ ಬಾಂಬರ್‌ಗಳಾಗಿ ಆಯ್ಕೆ ಆಗ್ತಾರೆ. ಖಾಲೆದ್ ಬಂದೂಕು ಹಿಡಿದು ಕೊನೇ ಮಾತಿನ ವಿಡಿಯೋ ಮಾಡಿಸ್ತಾನೆ, ಜೀವವೆಲ್ಲ ಹಾಕಿ ಓದಿ ಮುಗಿಸಿದಾಗ ಕ್ಯಾಮೆರಾ ಕೆಲಸ ಮಾಡಿಲ್ಲ ಅಂತ ಗೊತ್ತಾಗತ್ತೆ. ಮತ್ತೆ ಶುರುವಿಂದ ಓದ್ಬೇಕು. ಎದುರಿಗೆ ನಿಂತವರು ಸ್ಯಾಂಡ್‌ವಿಚ್ ತಿಂತಾ ಇದಾರೆ. ಮಧ್ಯೆ ಅವನು ಅಮ್ಮನಿಗೆ ನೀರಿನ ಫಿಲ್ಟರ್ ಎಲ್ಲಿ ಅಗ್ಗಕ್ಕೆ ಸಿಗತ್ತೆ ಅಂತ ಹೇಳ್ತಾನೆ. ಆ ಫಿಲ್ಟರ್ ಮಾತು ಬಂದಾಗ ಎದೆ ಹಿಂಡತ್ತೆ, ಯಾಕಂದ್ರೆ ಹುತಾತ್ಮನ ವೇಷದ ಒಳಗಿಂದ ಅಮ್ಮನ ಮಗ ಒಂದು ಕ್ಷಣ ಆಚೆ ಇಣುಕಿ ನೋಡ್ದ. ಸ್ಕ್ರಿಪ್ಟ್ ಬರೆಯೋರು ಇದನ್ನ ಗಮನಿಸಿ, ನಿಮ್ಮ ಪಾತ್ರ ಎಷ್ಟೇ ದೂರ ಹೋಗಿದ್ರೂ ಅವನ ಕೈಗೆ ಒಂದು ಮನೇ ಚಿಂತೆ ಕೊಡಿ, ಗ್ಯಾಸ್ ಬುಕ್ ಮಾಡೋದು, ತಂಗಿಯ ಫೀಸು, ಏನಾದ್ರೂ.

ಅವಮಾನ ಮಾಡಿದ್ದು ಯಾರು ಅಂತಲೂ ಕೇಳಿ

ಎಲ್ಲ ತಪ್ಪೂ ಗುಂಪಿನದು, ಸೆಳೆದವನದು ಅಂತ ಮುಗಿಸೋಕೆ ಆಗಲ್ಲ. ಗುಲ್ಜಾರ್ ಅವರ 'ಮಾಚಿಸ್' (1996) ನೋಡಿ. 1984ರ ನಂತರದ ಪಂಜಾಬ್. ಇಂದಿರಾ ಗಾಂಧಿ ಹತ್ಯೆ ಆದ ಮೇಲೆ ನಡೆದ ಸಿಖ್ ವಿರೋಧಿ ಹಿಂಸೆಯಲ್ಲಿ ಸರ್ಕಾರಿ ಲೆಕ್ಕದಲ್ಲೇ ದೆಹಲಿಯೊಂದರಲ್ಲೇ ಸತ್ತವರು 2,733 ಜನ, ಆ ನೆರಳು ಇಡೀ ಸಿನಿಮಾದ ಮೇಲಿದೆ. ಪೊಲೀಸ್ನೋರು ಜಿಮ್ಮಿ ಅನ್ನೋನನ್ನ ಹುಡುಕ್ಕೊಂಡು ಹಳ್ಳಿಗೆ ಬರ್ತಾರೆ. ಜಸ್ವಂತ್ ಅನ್ನೋ ಹುಡುಗ ತಮಾಷೆಗೆ ತನ್ನ ನಾಯೀನ ತೋರಿಸ್ತಾನೆ, ಅದರ ಹೆಸರು ಜಿಮ್ಮಿ. ಆ ತಮಾಷೆಗೆ ಅವನನ್ನ ಎಳ್ಕೊಂಡು ಹೋಗ್ತಾರೆ, ಎಷ್ಟೋ ದಿನ ಆದ್ಮೇಲೆ ವಾಪಸ್ ಬಂದಾಗ ಅವನ ಮೈ ಗುರುತು ಸಿಗದಷ್ಟು ಹೊಡೆದಿರ್ತಾರೆ. ಬಂದೂಕು ಹುಡುಕ್ಕೊಂಡು ಹೋಗೋನು ಜಸ್ವಂತ್ ಅಲ್ಲ, ಅವನ ಗೆಳೆಯ ಕೃಪಾಲ್, ಜಸ್ವಂತ್ ತಂಗಿ ಜೊತೆ ಮದುವೆ ಆಗ್ಬೇಕಾಗಿದ್ದೋನು.

ಇದನ್ನ ತೋರಿಸಿದಾಗ ಬರೋ ಮೊದಲ ಮಾತು, ಸರಿ ಬಿಡಿ ಸರ್, ನಾನಾಗಿದ್ರೂ ಹಾಗೇ ಮಾಡ್ತಿದ್ದೆ. ಆಗ ಒಂದು ಪ್ರಶ್ನೆ ಕೇಳಿ, ಆ ಕಾಲದಲ್ಲಿ ಲಾಕಪ್‌ನಲ್ಲಿ ಏಟು ತಿಂದವರ ಅಣ್ಣ ತಮ್ಮಂದಿರು, ಗೆಳೆಯರು ಎಲ್ಲ ಬಂದೂಕು ಹಿಡಿದ್ರಾ? ಇಲ್ಲ. ಹಾಗಾದ್ರೆ ಕೃಪಾಲ್ ಯಾಕೆ? ಸಿನಿಮಾದಲ್ಲೇ ಉತ್ತರ ಇದೆ, ಅವನಿಗೆ ಆ ದಾರೀಲಿ ಆಗಲೇ ಹೋಗಿರೋ ಒಬ್ಬ ನೆಂಟ ಇದಾನೆ ಅನ್ನೋದು ಗೊತ್ತಿತ್ತು, ಅವನನ್ನ ಹುಡುಕ್ಕೊಂಡು ಹೊರಟ, ದಾರೀಲಿ ಓಂ ಪುರಿ ಮಾಡಿರೋ ಸನಾತನ್ ಸಿಕ್ಕ. ಮಾರ್ಕ್ ಸೇಜ್‌ಮನ್ ಅನ್ನೋ ಅಮೆರಿಕದ ಮನೋವೈದ್ಯರು ಉಗ್ರರ ಬದುಕಿನ ವಿವರಗಳನ್ನ ಒಟ್ಟು ಹಾಕಿ 2004ರಲ್ಲಿ ಹೇಳಿದ್ದೂ ಇದನ್ನೇ, ಗೆಳೆತನ, ನೆಂಟಸ್ತಿಕೆ ಮೊದಲು ಇರತ್ತೆ, ಸೇರೋದು ಆಮೇಲೆ. ಅವಮಾನ ಹುಡುಗನ್ನ ಮನೆಯಿಂದ ಹೊರಗೆ ತಳ್ಳಬಹುದು, ಆದ್ರೆ ಯಾವ ಬಾಗಿಲು ತಟ್ತಾನೆ ಅನ್ನೋದನ್ನ ಅವನಿಗೆ ಪರಿಚಯ ಇರೋರು ತೀರ್ಮಾನ ಮಾಡ್ತಾರೆ.

ಕನ್ನಡದಲ್ಲಿ ಇದರ ಇನ್ನೊಂದು ಮಗ್ಗುಲು ನೋಡ್ಬೇಕಂದ್ರೆ ಮಂಸೋರೆ ಅವರ '19.20.21' (2023) ಇದೆ, ಕರಾವಳಿಯ ಮಲೆಕುಡಿಯ ಸಮುದಾಯದ ಹುಡುಗನೊಬ್ಬನ ಮೇಲೆ ನಕ್ಸಲ್ ನಂಟಿನ ಆರೋಪ ಹೊರಿಸಿದ ನಿಜ ಪ್ರಕರಣದ ಮೇಲೆ ಮಾಡಿದ್ದು. ಉಗ್ರ ಅಂತ ಹಣೆಪಟ್ಟಿ ಹಚ್ಚೋದು ಎಷ್ಟು ಸುಲಭ ಅನ್ನೋದನ್ನ ನೋಡದೇ ಈ ವಿಷಯದ ಚರ್ಚೆ ಮುಗಿಸಿದ್ರೆ ಅರ್ಧ ಸತ್ಯ ಆಗತ್ತೆ. ಗಿರೀಶ್ ಕಾಸರವಳ್ಳಿ ಅವರ 'ಗುಲಾಬಿ ಟಾಕೀಸ್' (2008) ಕೂಡ ಸೇರಿಸ್ಕೊಳ್ಳಿ. ಅದರಲ್ಲಿ ಯಾವ ಹುಡುಗನ ಕಥೆಯೂ ನೇರವಾಗಿ ಇಲ್ಲ, ಮೀನುಗಾರರ ಊರಿನ ಸೂಲಗಿತ್ತಿ ಗುಲಾಬಿ ಮನೆಗೆ ಟಿವಿ ಬರತ್ತೆ, ಊರ ಹೆಂಗಸರು ಬಂದು ಕೂತ್ಕೊಂಡು ನೋಡ್ತಾರೆ, ಆಮೇಲೆ ಕಾರ್ಗಿಲ್ ಯುದ್ಧದ ಟೈಮಲ್ಲಿ ಊರಿನ ಗಾಳಿ ಕೆಡ್ತಾ ಹೋಗತ್ತೆ, ಬರೋರು ಕಮ್ಮಿ ಆಗ್ತಾರೆ. ಒಟ್ಟಿಗೆ ಕೂರ್ತಾ ಇದ್ದವರು ಕೂರೋದು ಬಿಟ್ಟಾಗ ಆ ಖಾಲಿ ಜಾಗಕ್ಕೆ ಯಾರು ಬಂದು ಕೂರ್ತಾರೆ ಅನ್ನೋದೇ ನಾನು ಶುರುವಿಂದ ಕೇಳ್ತಾ ಇರೋ ಪ್ರಶ್ನೆ.

ಕೋಣೆ ಕಾಣದೇ ಇದ್ದಾಗ

ಕೆಲವು ಸಿನಿಮಾ ಜಾರೋದನ್ನ ತೋರಿಸೋದೇ ಇಲ್ಲ. ಡಾರ್ಡೆನ್ ಸಹೋದರರ 'ಯಂಗ್ ಅಹ್ಮದ್' (2019, ಕಾನ್ ಉತ್ಸವದಲ್ಲಿ ನಿರ್ದೇಶನದ ಪ್ರಶಸ್ತಿ ಬಂತು) ಶುರುವಾದಾಗ ಬೆಲ್ಜಿಯಂನ 13 ವರ್ಷದ ಹುಡುಗ ಆಗಲೇ ಬದಲಾಗಿಬಿಟ್ಟಿದಾನೆ, ಓದು ಕಲಿಸಿದ ಟೀಚರ್ ಕೈ ಕುಲುಕಲ್ಲ ಅಂತಾನೆ. ಒಂದು ತಿಂಗಳ ಹಿಂದೆ ಪ್ಲೇಸ್ಟೇಷನ್ ಆಡ್ತಾ ಇದ್ಯಲ್ಲೋ ಅಂತ ಅಮ್ಮ ಅಳ್ತಾಳೆ. ಮನೆಯವರಿಗೆ ಅನುಭವ ಆಗೋದು ನಿಜವಾಗಿ ಹೀಗೇ, ಒಂದು ದಿನ ಬಾಗಿಲು ತೆಗೆದು ನೋಡಿದ್ರೆ ಒಳಗೆ ಬೇರೆ ಹುಡುಗ ಇದಾನೆ. ಇದನ್ನ ಅಪ್ಪ ಅಮ್ಮಂದಿರಿಗೆ ತೋರಿಸೋಕೆ ಇಟ್ಕೊಳ್ಳಿ.

2025ರ ನಾಲ್ಕು ಎಪಿಸೋಡಿನ ಸೀರೀಸ್ 'ಅಡೋಲೆಸೆನ್ಸ್' ಕೂಡ ಅದೇ ಥರ, ಹೆಣ್ಣುಮಕ್ಕಳ ಮೇಲಿನ ದ್ವೇಷ 13 ವರ್ಷದ ಹುಡುಗನ ತಲೆಗೆ ಫೋನಿಂದ ಹೇಗೆ ಹೋಯ್ತು ಅನ್ನೋದು. ಒಂದೊಂದು ಎಪಿಸೋಡೂ ಒಂದೇ ಶಾಟ್. ಅಲ್ಲಿ ಫ್ಲ್ಯಾಟ್ ಇಲ್ಲ, ಗೆರೆ ಇಲ್ಲ, ಕೋಂಬೋ ಇಲ್ಲ, ಹುಡುಗ ತನ್ನ ರೂಮಲ್ಲೇ ಇದ್ದ. ಜೊತೇಲಿ ಓದೋ ಹುಡುಗೀನ ಕೊಂದ ಆರೋಪದ ಮೇಲೆ ಅವನನ್ನ ಹಿಡೀತಾರೆ, ತನಿಖೆ ಮಾಡೋ ಪೊಲೀಸ್ ಅಧಿಕಾರಿಗೆ ಇಮೋಜಿಗಳ ಅರ್ಥ ಅವನ ಸ್ವಂತ ಮಗ ಹೇಳಿಕೊಡ್ಬೇಕಾಗತ್ತೆ. ಇದನ್ನ ಬರೆದವರಲ್ಲಿ ಒಬ್ಬರು, ಹುಡುಗನ ಅಪ್ಪನ ಪಾತ್ರ ಮಾಡಿದವರು, ಅದೇ ಸ್ಟೀಫನ್ ಗ್ರಹಾಂ. 2006ರಲ್ಲಿ ಬೇರೆಯವರ ಮಗನನ್ನ ಸೆಳೆದವನು, 19 ವರ್ಷ ಆದ್ಮೇಲೆ ಮಗನನ್ನ ಕಳ್ಕೊಂಡ ಅಪ್ಪ. ಎರಡನ್ನೂ ಎರಡು ವಾರ ಬಿಟ್ಟು ಬಿಟ್ಟು ತೋರಿಸಿ.

ತೋರಿಸೋ ದಿನದ ವಿಷಯ

'ದಿಸ್ ಈಸ್ ಇಂಗ್ಲೆಂಡ್'ಗೆ ಬ್ರಿಟನ್‌ನಲ್ಲಿ 18 ವರ್ಷ ಮೇಲ್ಪಟ್ಟವರಿಗೆ ಅನ್ನೋ ಸರ್ಟಿಫಿಕೇಟ್ ಕೊಟ್ರು, ಯಾರಿಗಾಗಿ ಮಾಡಿದ್ನೋ ಆ ಮಕ್ಕಳೇ ನೋಡೋ ಹಾಗಿಲ್ವಲ್ಲ ಅನ್ನೋದು ಮೆಡೋಸ್ ಬೇಸರ, ಬ್ರಿಸ್ಟಲ್ ನಗರಸಭೆ ತನ್ನ ವ್ಯಾಪ್ತೀಲಿ ಅದನ್ನ 15ಕ್ಕೆ ಇಳಿಸ್ತು. ನಾನು ಡಿಗ್ರಿ ಮಕ್ಕಳಿಗೆ ಮಾತ್ರ ತೋರಿಸೋದು. ಅದಕ್ಕಿಂತ ಚಿಕ್ಕವರಾದ್ರೆ ಜೊತೇಲಿ ಕೂತ್ಕೊಳ್ಳಿ, ಹೊಡೆತದ ಸೀನ್ ದಾಟಿಸಿ. ಒಂದು ಧರ್ಮದ, ಒಂದು ಪಂಥದ ಸಿನಿಮಾ ಮಾತ್ರ ತೋರಿಸಿ ನಿಲ್ಲಿಸ್ಬೇಡಿ, ಕೂತವರಲ್ಲಿ ಯಾರಿಗೋ ಇದು ನಮ್ಮನ್ನೇ ತೋರಿಸ್ತಾ ಇರೋದು ಅನ್ಸತ್ತೆ, ಆಮೇಲೆ ಅವರು ಬಾಯಿ ಬಿಡಲ್ಲ. ನಾನು ಬಿಳಿ ಬ್ರಿಟಿಷ್ ಹುಡುಗನಿಂದ ಶುರು ಮಾಡೋದೇ ಅದಕ್ಕೆ, ನಮ್ಮಲ್ಲಿ ಯಾರೂ ಅವನ ಕಡೆಯವರಲ್ಲ, ಎಲ್ಲರೂ ನಿರಾಳವಾಗಿ ಅವನನ್ನ ನೋಡ್ತಾರೆ, ಅರ್ಧ ದಾರಿ ಬಂದ್ಮೇಲೆ ತಮ್ಮವರನ್ನ ಅವನಲ್ಲಿ ಕಾಣೋಕೆ ಶುರು ಮಾಡ್ತಾರೆ. ಇದು ಸರೀನಾ ತಪ್ಪಾ ಅನ್ನೋ ಪ್ರಶ್ನೆಯಿಂದ ಚರ್ಚೆ ಶುರು ಮಾಡ್ಬೇಡಿ, ತಪ್ಪು ಅಂತ ಎಲ್ಲರೂ ಹೇಳಿ ಕೂತ್ಬಿಡ್ತಾರೆ. ನೀನು ಆ ಕೋಣೇಲಿ ಇದ್ದಿದ್ರೆ ಯಾವ ಗಳಿಗೇಲಿ ಎದ್ದು ಬರ್ತಿದ್ದೆ ಅಂತ ಕೇಳಿ.

ಕೊನೇ ಶಾಟಲ್ಲಿ ಶಾನ್ ಇಂಗ್ಲೆಂಡಿನ ಬಾವುಟ ಎತ್ಕೊಂಡು ಸಮುದ್ರದ ಹತ್ತಿರ ಹೋಗಿ ನೀರಿಗೆ ಎಸೀತಾನೆ, ಆಮೇಲೆ ತಿರುಗಿ ಸೀದಾ ಕ್ಯಾಮೆರಾ ನೋಡ್ತಾನೆ. ಅಲ್ಲಿ ಪಾಸ್ ಮಾಡಿ, ಲೈಟ್ ಹಾಕ್ಬೇಡಿ, ಏನೂ ಕೇಳ್ಬೇಡಿ, ಯಾರಾದ್ರೂ ತಾವಾಗೇ ಮಾತಾಡೋವರೆಗೆ ಕಾಯಿರಿ. ಹೋದ ವರ್ಷ ನಾವು ಹೀಗೆ ಕತ್ತಲಲ್ಲಿ ಕೂತಿದ್ದಾಗ ಮೊದಲ ವರ್ಷದ ಒಬ್ಬ ಹುಡುಗಿ ಕೇಳಿದ್ಲು, "ಸರ್, ರಜೆ ಮುಗಿದು ಸ್ಕೂಲ್ ಶುರುವಾದಾಗ ಇವನ ಪಕ್ಕ ಯಾರು ಕೂತ್ಕೊಳ್ತಾರೆ?" ಅದರ ಮೇಲೆ ಶುರುವಾದ ಮಾತು ವಾಚ್‌ಮನ್ ಬೀಗದ ಗೊಂಚಲು ಹಿಡ್ಕೊಂಡು ಬಾಗಿಲಲ್ಲಿ ಬಂದು ನಿಲ್ಲೋವರೆಗೂ ನಡೀತು, ಶಾನ್ ಮುಖ ಇನ್ನೂ ಗೋಡೆ ಮೇಲೇ ಇತ್ತು.